ಹದಿಮೂರರ ಫ್ಯಾನು

ಮುನಿವೆಂಕಟ ಆಟೋದಿಂದ ಇಳಿದ,
ಮಡಿಲಲ್ಲಿ ಗೋಣಿಚೀಲ, ಚೀಲದೊಳಗೆ ಫ್ಯಾನು.
ಕ್ಯಾಟಲಾಗಿನವರು ಪ್ರೊಪೆಲ್ಲರ್ ಅಂತಾರೆ,
ಕಲಾಸಿಪಾಳ್ಯದ ನಮ್ಮ ಗಲ್ಲಿಯಲ್ಲಿ ಬರೀ ಫ್ಯಾನು.

"ಜರೀನಮ್ಮಾ, ನನ್ನ ಬೋಟು ಕಪ್ಪೆಯಾಗಿದೆ.
ಹೊರಟರೆ ಮೂಗು ಆಕಾಶಕ್ಕೆ,
ಓಡಿದರೆ ಕುಪ್ಪಳಿಸತ್ತೆ,
ತಿರುಗಿಸಿದರೆ ಎಂಜಿನ್ನು ಕಿರುಚತ್ತೆ, ಬೋಟು ನಿಂತಲ್ಲೇ ನಿಲ್ಲತ್ತೆ.
ಇನ್ನೂ ದೊಡ್ಡ ಮೋಟಾರು ಹಾಕು ಅಂದ, ಮಾರಿದವನು."

ಮಾರಿದವನು ಇನ್ನೇನು ಅಂದಾನು?

ಹೆಬ್ಬಾಳದ ಕೆರೆಯಲ್ಲಿ ಅಂತರಗಂಗೆ ಕೀಳುವ ಗುತ್ತಿಗೆ ಅವನದು.
ಗೋವೆಯಲ್ಲಿ ಯಾರೋ ಮೀನಿಗೆಂದು ಕೊಂಡು, ಬೇಸತ್ತು ಬಿಟ್ಟ
ಚೂಪು ಮೂತಿಯ ಬೋಟು,
ಬೆನ್ನಿಗೆ ನಲವತ್ತು ಕುದುರೆ.
ಓಟಕ್ಕೆ ಹುಟ್ಟಿದ್ದನ್ನು ಹೊರೆಗೆ ಕಟ್ಟಿದ್ದ.

ಬೆಳಿಗ್ಗೆ ಆರಕ್ಕೆ ಕೆರೆಯ ದಡ.
ಫ್ಲೈಓವರಿನ ಮೇಲೆ ಏರ್ಪೋರ್ಟಿನ ಬಸ್ಸುಗಳು,
ಕೆಳಗೆ ನೀರಿಗೆ ಇನ್ನೂ ನಿದ್ದೆ.
ಮೊದಲು ಸ್ಪ್ಯಾನರ್ ಮುಟ್ಟಲಿಲ್ಲ, ನೋಡಿದೆ.
ಪೆಟ್ರೋಲಿನ ತೊಟ್ಟಿ ಹಿಂದೆ, ಬ್ಯಾಟರಿ ಹಿಂದೆ,
ತೊಂಬತ್ತು ಕಿಲೋದ ಅವನ ಭಾವಮೈದ ಗವಿರಂಗ
ಕಾಲು ಚಾಚಿ ಅದಕ್ಕೂ ಹಿಂದೆ.
"ಏಳು" ಅಂದೆ. ಎದ್ದ.
"ಮುಂದೆ ಕೂರು" ಅಂದೆ. ಮುನಿಸಿಕೊಂಡು ಕೂತ.
ತೊಟ್ಟಿಯೂ ಅವನ ಹಿಂದೆಯೇ ಮುಂದಕ್ಕೆ ಹೋಯಿತು.
ಅಷ್ಟಕ್ಕೇ ಮೂತಿ ಒಂದು ಗೇಣು ತಗ್ಗಿತು.

ಆಮೇಲೆ ಮೋಟಾರಿನ ಎತ್ತರ.
ಫ್ಯಾನಿನ ನೆತ್ತಿಯ ಮೇಲೊಂದು ಚಪ್ಪಟೆ ತಟ್ಟೆ ಇರತ್ತೆ,
ಅದು ಬೋಟಿನ ತಳಕ್ಕೆ ಸರಿಸಮ ನಿಲ್ಲಬೇಕು.
ಇವನದು ಎರಡು ಬೆರಳು ಮೇಲೆ.
ತಿರುವಿನಲ್ಲಿ ಗಾಳಿ ನುಂಗಿ,
ಹಿಡಿತ ತಪ್ಪಿ ಕಿರುಚದೆ ಏನು ಮಾಡೀತು, ಪಾಪ?
ಒಂದು ತೂತು ಕೆಳಗಿಳಿಸಿದೆ.
ಓರೆಯ ಪಿನ್ನನ್ನು ಒಂದು ತೂತು ಒಳಗೆ ತಂದೆ.
ಕಪ್ಪೆ ಕುಪ್ಪಳಿಸುವುದನ್ನು ಬಿಟ್ಟಿತು,
ಆದರೆ ಉಬ್ಬಸ ಬಿಡಲಿಲ್ಲ.

ಗೋಣಿಚೀಲ ಬಿಚ್ಚಿದೆ.
ಮೂರು ಎಲೆ, ಹದಿಮೂರರ ಪಿಚ್ಚು.
ಒಂದು ಸುತ್ತಿಗೆ ಹದಿಮೂರು ಇಂಚು ಓಡಬೇಕು, ಕಾಗದದ ಮೇಲೆ.
ಹಸಿ ಬೇರಿನ ಭಾರ ಹೊತ್ತು ಹಾಗೆ ಓಡು ಅನ್ನುವುದು
ನಂದಿಬೆಟ್ಟವನ್ನು ನಾಲ್ಕನೇ ಗೇರಲ್ಲಿ ಹತ್ತು ಅಂದ ಹಾಗೆ.
ಅಬ್ಬಾ ಬಿಟ್ಟುಹೋದ ಗೂಟದಲ್ಲಿ ನೇತಾಡುತ್ತಿತ್ತು
ನಾಲ್ಕೆಲೆಯದು, ಹನ್ನೊಂದರದು,
ತುದಿಯ ಅಂಚು ಅವರ ಸುತ್ತಿಗೆಯಲ್ಲೇ ಬಟ್ಟಲಾಗಿ ಬಾಗಿದ್ದು.
ಎಂಟು ವರ್ಷ ಅದನ್ನು ಯಾರಿಗೂ ಮಾರಿರಲಿಲ್ಲ.
ಸೀರೆಯ ಸೆರಗಿನಲ್ಲಿ ಒರೆಸಿ, ತಂದಿದ್ದೆ.

ಹಾಕಿದೆ. ಎಂಜಿನ್ನು ಹಾಡಿತು ಅನ್ನಲಾರೆ,
ಕೆಮ್ಮುವುದನ್ನು ಬಿಟ್ಟಿತು, ಅಷ್ಟು ಸಾಕು.
ಗವಿರಂಗ ಅಂತರಗಂಗೆಯ ಗುಡ್ಡೆಗೆ ಒರಗಿ
ಮೊದಲ ಸಲ ನಕ್ಕ.

ಇನ್ನೂ ಬಲಕ್ಕೆ ಎಳೆಯುತ್ತಿತ್ತು.
ತಟ್ಟೆಯ ಕೆಳಗೆ ಹೆಬ್ಬೆರಳಿನಷ್ಟು ಒಂದು ಬಾಲ.
ಬೋಟು ಬಲಕ್ಕೆ ಎಳೆದರೆ ಬಾಲವನ್ನೂ ಬಲಕ್ಕೇ ತಿರುಗಿಸಬೇಕು.
ಇದು ನನ್ನ ತಲೆಗೆ ಹೋಗಲು ಮೂರು ವರ್ಷ ಹಿಡಿಯಿತು,
ಅಬ್ಬಾ ವಿವರಿಸಲಿಲ್ಲ, ಸುಮ್ಮನೆ ತಿರುಗಿಸುತ್ತಿದ್ದರು,
ಅಂಗೈ ಬೋಟಿನ ಬೆನ್ನ ಹಲಗೆಗೆ ಒತ್ತಿ,
ಜ್ವರ ನೋಡುವವರ ಹಾಗೆ.
ನಾನೂ ಒತ್ತಿದೆ.
ಒಂದು ಅಕ್ಕಿಕಾಳಿನಷ್ಟು ಬಲಕ್ಕೆ.

ಮುನಿವೆಂಕಟ ಕೈ ಬಿಟ್ಟ.
ಬೋಟು ನೆಟ್ಟಗೆ ಹೋಯಿತು,
ನಡುಗಡ್ಡೆಯ ಕೊಕ್ಕರೆಗಳು ಎದ್ದು, ಮತ್ತೆ ಕೂತವು.
ಅವನು ಏನೂ ಹೇಳಲಿಲ್ಲ.
ದಡಕ್ಕೆ ಬಂದು ಮುನ್ನೂರು ರೂಪಾಯಿ ಚೌಕಾಸಿ ಮಾಡಿದ.

ಸಾಮಾನಿನ ಚೀಲ ಕಾಲಬಳಿ ಇಟ್ಟು
ಮೇಖ್ರಿ ಸರ್ಕಲ್ಲಿನ ಗದ್ದಲಕ್ಕೆ ಇಳಿದೆ.
ನನ್ನ ಸ್ಕೂಟರು ಎಡಕ್ಕೆ ಎಳೆಯುತ್ತದೆ,
ಹೋದ ದೀಪಾವಳಿಯಿಂದ.
ಈ ಭಾನುವಾರ ನೋಡಬೇಕು.