ಬ್ಯಾಳಿ ಮಿಲ್ಲಿನಾಗ ನಾಟಕ

ಸ್ಟೇಜ್ ಇಲ್ಲ, ಪರದೆ ಇಲ್ಲ, ಖುರ್ಚಿ ಮೊದಲೇ ಇಲ್ಲ.
ಕಲಬುರಗಿ ಊರ ಹೊರಗ, ಕಪನೂರಿನ ಕಡೀ ಸಾಲಿನಾಗ
ಹನ್ನೊಂದು ವರ್ಷ ಬಂದ್ ಬಿದ್ದ ಬ್ಯಾಳಿ ಮಿಲ್ಲು:
ತಗಡಿನಾಗ ತೂತು, ತೂತಿನಾಗ ಪಾರಿವಾಳ,
ಕೆಳಗ ಶಹಾಬಾದ್ ಕಲ್ಲಿನ ನೆಲ.
ಆ ನೆಲಾ ಒಮ್ಮೆ ಟಾರ್ಚ್ ಹಿಡದು ನೋಡ್ರಿ,
ಮೊಳಕ್ಕೊಂದು ನುಣುಪು ತಗ್ಗು.
ಹೆಣ್ಮಕ್ಕಳು ಕುಂತು ಬ್ಯಾಳಿ ಹಸನ ಮಾಡಿದ ಜಾಗ.
ಟಿಕೆಟ್ ತಗೊಂಡವರು ಅಲ್ಲೇ ಕೂಡಬೇಕು.
ಪ್ಯಾಂಟು ಹೊಲಸಾಗ್ತದಲ್ರಿ ಅಂದರ
ಖಾಜಾಬೀ ಅಂತಾಳ, ಆಗಲಿ ಬಿಡ್ರಿ.

ನಾನು ಹಗಲು ಗಂಜಿನ ಜೆರಾಕ್ಸ್ ಅಂಗಡಿಯಾಕಿ,
ರಾತ್ರಿ ಇಲ್ಲಿ ಹಾಲೋಜನ್ ಹಿಡಿಯಾಕಿ.
ಕರೆಂಟು ಬಾಜೂ ವೆಲ್ಡಿಂಗ್ ಶಾಪಿನದು.
ಅವರು ರಾಡು ಸುಟ್ಟಾಗೊಮ್ಮೆ
ನಮ್ಮ ಬೆಳಕು ಕಣ್ಣು ಮಿಟುಕಿಸ್ತದ.
ಡೈರೆಕ್ಟರ್ ರೇವಣ್ಯಾ ಮೊದಲ ದಿನ ತಲಿ ಮ್ಯಾಲ ಕೈ ಹೊತ್ತು ಕುಂತ,
ಮೂರನೇ ದಿನ ಅದನ್ನೂ ನಾಟಕಕ್ಕ ಸೇರಿಸ್ಕೊಂಡ.

ಪಾತ್ರ ಯಾವವು ಅಂತೀರಿ?
ಜಗದೇವಿ, ಜಗದೇವೀನ ಆಗ್ಯಾಳ.
ಖಾಜಾಬೀ ಮಾತ್ರ ಮುನೀಮ.
ಮೀಸಿ ಬ್ಯಾಡಂದಳು, ಧೋತರ ಬ್ಯಾಡಂದಳು,
ಕಿವಿಗೊಂದು ಪೆನ್ನು ಸಿಗಿಸಿ
ಅವನಂಗ ಒಂದೇ ಸಲ ಕೆಮ್ಮಿದಳು.
ನೋಡಾಕ ಕುಂತ ನಾಕು ಮುದುಕೇರು
ತಮಗ ಗೊತ್ತಿಲ್ಲದಂಗ ಉಡಿ ಮುಚ್ಕೊಂಡರು,
ಹಿಡಿ ಬ್ಯಾಳಿ ಇನ್ನೂ ಅದರಾಗ ಇದ್ದಂಗ.

ವಾಚ್‌ಮನ್ ಸಾಯಬಣ್ಣ ಒಬ್ಬಾಂವ ಒಲ್ಲೆ ಅಂದ.
ನೌಕರಿ ಮಾಡಾಂವ ನಾ, ವೇಷ ಹಾಕಾಂವಲ್ಲ.
ಮಾಲಕನ ಮಕ್ಕಳು ಕೋರ್ಟಿನಾಗ.
ಪಗಾರ ಮೂರು ತಿಂಗಳಿಗೊಮ್ಮೆ ಬರ್ತದ,
ಬರದಿದ್ದರ ಬರಂಗಿಲ್ಲ.
ಮಷೀನು ಗುಜರಿಗೆ ಹೋಗಿ, ಮೋಟಾರು ಹೋಗಿ, ತಕ್ಕಡಿ ಹೋಗಿ
ಉಳಿದದ್ದು ಹೊಟ್ಟಿನ ಧೂಳು, ಹಕ್ಕಿ ಹಿಕ್ಕಿ.
ಆದರೂ ಏಳಕ್ಕ ಗೇಟು ಹಾಕ್ತಾನ,
ಕೀಲಿ ಎರಡು ಸಲ ಜಗ್ಗಿ ನೋಡ್ತಾನ.

ಅದಕ್ಕ ನಮ್ಮ ನಾಟಕ ಗೇಟಿನ ಹೊರಗ ಶುರು.
ಮಂದಿ ರೋಡಿನ ಮ್ಯಾಲ ನಿಂತಿರ್ತಾರ,
ಜಗದೇವಿ ತಗಡು ಬಡೀತಾಳ.
"ಯಾರದು?" ಅಂತಾನ ಒಳಗಿಂದ.
ದಿನಾ ಕೇಳ್ತಾನ, ಖರೇನ ಕೇಳ್ತಾನ.
"ನಲವತ್ತೊಂದು."
"ಹದಿನೇಳು," ಖಾಜಾಬೀ.
ಟೋಕನ್ ನಂಬರು.
ಹಿತ್ತಾಳಿ ಬಿಲ್ಲಿ ಮಾರ್ಕೊಂಡು ತಿಂದು ಎಷ್ಟೋ ವರ್ಷಾತು,
ನಂಬರಿಗೆ ಗಿರಾಕಿ ಸಿಗಲಿಲ್ಲ.

ಐದನೇ ಶೋ. ಸೆಕಿ ಅಂದರ ಸೆಕಿ,
ರಾತ್ರಿ ಎಂಟಾದರೂ ಗೇಟು ಮುಟ್ಟಿದರ ಕೈ ಚುರ್ ಅಂತಿತ್ತು.
ಮಂದಿ ಹಿಂದಿನಿಂದ ಯಾರೋ ಅಂದರು,
"ಎಂಬತ್ತಾರು."
ನಮ್ಮ ನಾಟಕದಾಕಿ ಅಲ್ಲ,
ಜನ ಕೂಡ್ಯಾರಂತ ಪುಟಾಣಿ ಗಾಡಿ ತಂದು ನಿಲ್ಲಿಸಿದಾಕಿ.
ಚಿಲಕದ ಸಪ್ಪಳ ಅರ್ಧಕ್ಕ ನಿಂತಿತು.
"ಎಂಬತ್ತಾರು ತೀರಿಕೊಂಡಳಲ್ಲ," ಅಂದ ಸಾಯಬಣ್ಣ,
"ಕೆಮ್ಮಿ ಕೆಮ್ಮಿ."
"ಹೌದು. ನಮ್ಮವ್ವ."

ವೆಲ್ಡಿಂಗಿನವರೂ ಆಗ ಸುಮ್ಮಕಿದ್ದರು.
ರೇವಣ್ಯಾ ನನ್ನ ಮಾರಿ ನೋಡಿದ.
ಎತ್ತ ಹಿಡೀಬೇಕು ಬೆಳಕು?
ಆಕಿ ಮಾರಿ ಮ್ಯಾಲ ಹಿಡಿಯಾಕ ಕೈ ಬರಲಿಲ್ಲ.
ಗೇಟಿನ ಕೆಳಗ ಗೇಣುದ್ದ ಸಂದಿ, ಅಲ್ಲಿ ಹಿಡದೆ.
ಸಾಯಬಣ್ಣನ ಪಾದ ಕಂಡವು.
ಚಪ್ಪಲಿ ಬಿಟ್ಟು ನಿಂತಿದ್ದ.

ಆಮ್ಯಾಲ ಗೇಟು ತೆಗೆದ.
ಒಂದು ಪಲ್ಲಾ ಅಲ್ಲ, ಎರಡೂ,
ಲಾರಿ ಬರಾಗ ತೆಗೀತಿದ್ದಂಗ.
ಮಂದಿ ಒಳಗ ಹೋದರು, ಧೂಳೆದ್ದಿತು,
ಊರ ಮಂದಿ, ಕಾಲೇಜಿನ ಮಂದಿ, ಎಲ್ಲರೂ ಕೆಮ್ಮಿದರು.
ಪುಟಾಣಿಯಾಕಿ ತಗ್ಗು ಹುಡುಕೊಂತ ಹುಡುಕೊಂತ
ಮೂರನೇ ಕಂಬದ ಹತ್ತಿರ ಕುಂತಳು.
ಹೌದೋ ಅಲ್ಲೋ, ಕೇಳಲಿಲ್ಲ ಯಾರೂ.

ಗಾಡಿ ರೋಡಿನ ಮ್ಯಾಲೇ ಉಳಿದಿತ್ತು.
ಸಾಯಬಣ್ಣ ಹೊರಗ ಹೋಗಿ ದಬ್ಬಿಕೊಂಡು ಒಳಗ ತಂದ,
ಚಕ್ರಕ್ಕೊಂದು ಕಲ್ಲು ಕೊಟ್ಟ.
"ಕಳುವಾದರ ಜವಾಬ್ದಾರಿ ನನ್ನ ಮ್ಯಾಲ ಬರ್ತದ," ಅಂದ ನನಗ.
ನಾಟಕ ಮುಗಿಯೂತನ
ನಮ್ಮ ಕಡೆ ಬೆನ್ನು ಮಾಡಿ, ಕೋಲು ಹಿಡದು
ಎರಡು ಬುಟ್ಟಿ ಪುಟಾಣಿ, ಒಂದು ಬುಟ್ಟಿ ಶೇಂಗಾ
ಕಾಕೊಂತ ನಿಂತ.