ಇಂದಿನ ವಿಶೇಷ

ಮೂವತ್ತೊಂದು ವರ್ಷದಿಂದ ಹೋಟೆಲ್ ಬೋರ್ಡು ಬರೆಯುತ್ತೇನೆ.
ಮಂಡಿ ಮೊಹಲ್ಲಾದಿಂದ ವಿಜಯನಗರದ ಕೊನೇ ಹಂತದವರೆಗೆ
ಮೈಸೂರು ಏನೇನು ತಿನ್ನುತ್ತದೆಂದು
ನನ್ನ ಬ್ರಷ್ಷಿಗೆ ಗೊತ್ತು.

ಗೋಬಿಯ ಗೋ ನಿದ್ದೆಯಲ್ಲೂ ಎಳೆಯಬಲ್ಲೆ.
ಮಂಚೂರಿಗೆ ಮೂರು ಥರ ಕಾಗುಣಿತ,
ಮಾಲೀಕ ಹೇಳಿದ್ದೇ ವ್ಯಾಕರಣ.
ಸೆಟ್ ದೋಸೆಯ ಅಂಚಿಗೆ ತುಸು ಹಳದಿ ನೆರಳು ಕೊಟ್ಟರೆ
ಬೆಣ್ಣೆ ಹಾಕಿದಂತೆ ಕಾಣುತ್ತದೆ,
ಇದು ನಾನೇ ಕಂಡುಕೊಂಡದ್ದು.
ಆಮೇಲೆ ಮಂದಿ ಬಂತು (ಅನ್ನ ಕಣ್ರೀ, ಜನ ಅಲ್ಲ),
ಷವರ್ಮ ಬಂತು, ಪೆರಿಪೆರಿ ಬಂತು.
ಬೈಲಕುಪ್ಪೆಯ ಪಾಸಾಂಗ್ ಗಾಡಿ ಇಟ್ಟಾಗ
ಮೊಮೊ ಬರೆಸಿದ, ನೂಡಲ್ಸ್ ಬರೆಸಿದ.
ಅವನಮ್ಮ ಬೆಳಿಗ್ಗೆ ಬೆಳಿಗ್ಗೆ ಕಲಸುವ
ಹುರಿದ ಬಾರ್ಲಿ ಹಿಟ್ಟು, ತ್ಸಂಪಾ,
ಅದನ್ನು ಮಾತ್ರ ಬೇಡ ಅಂದ.
"ಅದನ್ನ ಯಾರಣ್ಣ ದುಡ್ಡು ಕೊಟ್ಟು ತಿಂತಾರೆ?"

ನಾನು ಹಲಗೂರು ಕಡೆಯವನು.
ಉಪ್ಪೆಸರು ಅಂದರೆ
ಕಾಳು ಸೊಪ್ಪು ಬೇಯಿಸಿ ಬಸಿದ ನೀರು,
ಪಕ್ಕದಲ್ಲಿ ಒರಳಿನಿಂದ ಬಳಿದ ಕಾರ,
ನಡುವೆ ಮುದ್ದೆ, ಅಷ್ಟೆ.
ಅದಕ್ಕೊಂದು ಬಣ್ಣವೇ ಇಲ್ಲ.
ಯಾವ ಡಬ್ಬಿಗೆ ಬ್ರಷ್ಷು ಅದ್ದಲಿ?

ಒಮ್ಮೆ ಕೇಳಿಯೂ ಕೇಳಿದೆ:
"ಬಸಪ್ಪಾಜಿ, ಕೊನೇ ಸಾಲು ಖಾಲಿ ಉಳಿದಿದೆ,
ಉಪ್ಪೆಸರು ಅಂತ ಹಾಕಿಬಿಡಲಾ?"
ಗಲ್ಲಾಪೆಟ್ಟಿಗೆ ನಗುವಷ್ಟು ನಕ್ಕರು.
"ಜ್ವರ ಬಂದಾಗ ಮನೇಲಿ ಉಣ್ಣೋದು ಕಣಯ್ಯಾ ಅದು,
ಜ್ವರ ಬಂದೋನು ಹೋಟ್ಲಿಗೆ ಬರ್ತಾನಾ?
ಚೀಸ್ ಮ್ಯಾಗಿ ಅಂತ ಬರಿ."
ಬರೆದೆ.

ಹೋದ ಚಳಿಗಾಲ ಒಂದು ಹುಡುಗಿ
ಕಂಕುಳಲ್ಲಿ ಹಲಗೆ ಇಟ್ಟುಕೊಂಡು ಬಂದಳು.
ಗಂಗೋತ್ರಿಯಲ್ಲಿ ಓದು, ಪಡುವಾರಹಳ್ಳಿಯಲ್ಲಿ ರೂಮು,
ಹೆಸರು ಫಿಕಿರ್ತೆ, ಊರು ಇಥಿಯೋಪಿಯಾ.
ಒಂದೇ ಪದ ಬರೆಯಬೇಕು: ಇಂಜೆರಾ.
ಅಂಗಡಿಗಾ? ಅಲ್ಲ.
ಒಲೆಯ ಮೇಲಿನ ಗೋಡೆಗೆ.
"ನಾಲ್ಕು ವರ್ಷ ಆಯ್ತು, ಈ ಊರಲ್ಲಿ
ಈ ಪದ ಎಲ್ಲೂ ಓದಿಲ್ಲ" ಅಂದಳು.

ಅವಳ ಲಿಪಿಯಲ್ಲಿ ನಾಲ್ಕೇ ಅಕ್ಷರ,
ಕಾಲೂರಿ ನಿಂತ ಚಪ್ಪರದ ಕಂಬದಂಥವು.
ಮೂರು ಸಲ ಅಳಿಸಿ ಬರೆದೆ.
ಕೆಳಗೆ ಕನ್ನಡದಲ್ಲಿ, ಕಂದು ಬಣ್ಣ.
ದುಡ್ಡು ಬೇಡ ಅಂದದ್ದಕ್ಕೆ ಊಟಕ್ಕೆ ಕರೆದಳು.

ಅವರ ಕಡೆ ಕಾಳು ಸಾಸಿವೆಗಿಂತ ಸಣ್ಣದಂತೆ,
ಇಲ್ಲಿ ಸಿಗುವುದಿಲ್ಲವಂತೆ.
ಅದಕ್ಕೇ ರಾಗಿ ಹಿಟ್ಟು
ಮೂರು ದಿನ ಹುಳಿಯಲು ಬಿಟ್ಟು
ಹೆಂಚಿನ ಮೇಲೆ ಸುತ್ತಿ ಸುರಿಯುತ್ತಾಳೆ.
ಮಗುಚಿ ಹಾಕುವುದಿಲ್ಲ.
ಮೇಲೆಲ್ಲ ಕಣ್ಣು ಕಣ್ಣು ಬಿಡುತ್ತದೆ.
ಮುರಿದು ಬಾಯಿಗಿಟ್ಟೆ.
ಅದು ನಮ್ಮವ್ವನ ಅಂಬಲಿ ಮಡಕೆಯ ಹುಳಿ,
ಇಷ್ಟು ದೂರ ಸುತ್ತಿ ಬಂದು ಮೈ ಚಾಚಿ ಮಲಗಿತ್ತು.
"ಸರಿಯಾಗಿಲ್ಲ ಅಲ್ವಾ?" ಅಂದಳು.
ಸರಿಯಾದದ್ದು ಹೇಗಿರುತ್ತದೋ ನನಗೇನು ಗೊತ್ತು.
ಇನ್ನೊಂದು ಹಾಕಿಸಿಕೊಂಡೆ.

ಆಮೇಲಿಂದ ಒಂದು ಚಟ.
ಪ್ರೈಮರ್ ಒಣಗಿದ ಮೇಲೆ, ಮೊದಲ ಕೋಟು ಬಳಿಯುವ ಮುಂಚೆ,
ಯಾರೂ ಇಲ್ಲದ ಹೊತ್ತಲ್ಲಿ,
ದಪ್ಪ ಬ್ರಷ್ಷಿನಲ್ಲಿ ಒಂದೊಂದು ಹೆಸರು.
ಒಂಟಿಕೊಪ್ಪಲಿನ ಜ್ಯೂಸ್ ಸೆಂಟರಿನಡಿ ಅಣ್ಣೆಸೊಪ್ಪು,
ರಿಂಗ್ ರಸ್ತೆಯ ಬಾರ್ಬೆಕ್ಯೂ ಕೆಳಗೆ ಗದ್ದೆ ಏಡಿ ಸಾರು,
ಜಯಲಕ್ಷ್ಮೀಪುರಂ ಪಿಜ್ಜಾದ ಹಿಂದೆ ತ್ಸಂಪಾ, ಇಂಜೆರಾ,
ಜೋಡಿಯಾಗಿ ಇರಲಿ ಅಂತ.
ಅದರ ಮೇಲೆ ಕೆಂಪು, ಅದರ ಮೇಲೆ ಆಫರ್.

ಮೊನ್ನೆ ಬಸಪ್ಪಾಜಿ ಫೋನು:
"ಏನಯ್ಯಾ ನಿನ್ನ ಪೇಂಟು, ಒಂದೇ ಬೇಸಗೆಗೆ ಎದ್ದುಬಿಟ್ಟಿದೆ,
ಮ್ಯಾಗಿ ಒಳಗಿಂದ 'ಪ್ಪೆಸರು' ಅಂತ ಇಣುಕ್ತಾ ಇದೆ.
ಇಬ್ಬರು ಬಂದು ಕೇಳಿದರು, ಇದೆಯಾ ಅಂತ."
ನೀವೇನಂದಿರಿ?
"ಇಲ್ಲ ಅಂದೆ. ಇನ್ನೇನನ್ನಲಿ?
ಒಬ್ಬ ಬೆಂಚಿನ ಮೇಲೆ ಸುಮ್ಮನೆ ಕೂತೇ ಇದ್ದ,
ಕಾಫಿ ಕುಡಿದು ಹೋದ.
ಬೇಗ ಬಂದು ಅಳಿಸು ಮಾರಾಯ."

ನಾಳೆ ಬರ್ತೀನಿ ಅಂದೆ.
ಹಾಗಂದು
ಇವತ್ತಿಗೆ ಹನ್ನೆರಡು ದಿನ.