ಸುವಾರ್ತಮ್ಮನ ದಾರಗಳು

ಅತ್ತೆ ಬಿಟ್ಟುಹೋದದ್ದು ಮೂರೇ:
ಹಿಡಿ ಸಡಿಲಾದ ಕತ್ತರಿ,
ಎರಡು ಸಲ ಗಿರವಿ ಹೋಗಿ ಮರಳಿದ ಮೂಗುತಿ,
ಮತ್ತೆ ಈ ಸತ್ಯವೇದ. ರಟ್ಟು ಹರಿದ ಮೇಲೆ
ಜೀನ್ಸ್ ಬಟ್ಟೆಯ ಅಂಗಿ ಹೊಲಿದಿದ್ದಾಳೆ ಇದಕ್ಕೆ.
ಜೇಬೂ ಇದೆ. ಜೇಬಿನಲ್ಲಿ ಚಾಳೀಸು,
ಸೂಜಿಗೆ ದಾರ ಪೋಣಿಸಲು ಮಾತ್ರ ಹಾಕುತ್ತಿದ್ದದ್ದು.

ಅಕ್ಷರ ಬಾರದು ಅವಳಿಗೆ.
ಇಪ್ಪತ್ತೆರಡು ವರ್ಷ ಪ್ಯಾಂಟುಗಳ ದಾರ ಕತ್ತರಿಸಿದಳು,
ಪೀಸಿಗೆ ಇಷ್ಟು ಪೈಸೆಯಂತೆ.
ಬೆರಳ ತುದಿಯ ನೀಲಿ ಯಾವ ಸೋಪಿಗೂ ಬಗ್ಗಲಿಲ್ಲ.
ಭಾನುವಾರ ಸಭೆಯಲ್ಲಿ ಯಾವುದೋ ವಾಕ್ಯ ಎದೆಗೆ ತಾಕಿದರೆ
ಪಕ್ಕದವರನ್ನು ತಿವಿದು ಕೇಳುವಳು:
"ಎಲ್ಲೈತವ್ವಾ ಅದು?"
ಅವರು ಪುಟ ತೋರಿಸಿದರೆ
ಸೆರಗಿಗೆ ಅಂಟಿದ್ದ ಒಂದೆಳೆ ಕಿತ್ತು
ಅಲ್ಲಿಡುವಳು. ಅಷ್ಟೇ ಅವಳ ಓದು.

ನಾನು ಪಿಯುಸಿ ಮುಗಿಸಿದವಳು.
ನನ್ನ ಪ್ರಾರ್ಥನೆ ಕಿರಾಣಿ ಚೀಟಿ:
ಬಾಡಿಗೆ, ಗಂಡನ ಸಿಟ್ಟು, ಮಗಳ ಕೆಮ್ಮು,
ಓವರ್‌ಲಾಕ್ ಮಷೀನಿಗೆ ಬಡ್ತಿ.
ಕೊನೆಗೆ ಆಮೆನ್ ಎಂಬ ರುಜು.
ಚೀಟಿ ಕೊಟ್ಟು ಬಂದುಬಿಡುತ್ತಿದ್ದೆ.
ಅಂಗಡಿಯವನ ಮುಖ ಯಾರು ನೋಡುತ್ತಾರೆ?

ಅವಳು ತೀರಿಕೊಂಡ ಬೇಸಿಗೆಯಲ್ಲಿ
ಕರೆಂಟು ಹೋದ ರಾತ್ರಿ ಮಾಳಿಗೆ ಹತ್ತಿ ಕೂತೆ.
ಕೋಟೆಗುಡ್ಡ ಹಗಲೆಲ್ಲ ಕುಡಿದ ಬಿಸಿಲನ್ನು
ಬಳ್ಳಾರಿಯ ಮೇಲೆ ಮೆಲ್ಲಗೆ ಉಸಿರುತ್ತಿತ್ತು.
ಮೊಬೈಲಿನ ಬೆಳಕಲ್ಲಿ ದಾರ ಹಿಡಿದು ಓದತೊಡಗಿದೆ.
ಕುರುಬನ ಕೀರ್ತನೆಯಲ್ಲಿ ಎರಡೆಳೆ. ಗೊತ್ತಿದ್ದದ್ದೇ.
ಕಳೆದ ನಾಣ್ಯಕ್ಕಾಗಿ ಮನೆ ಗುಡಿಸಿದ ಹೆಂಗಸಿನ ಬಳಿ ಒಂದು;
ನಗು ಬಂತು. ಮೂಗುತಿ ಬಿದ್ದ ದಿನ
ಇವಳೂ ಬೀದಿಯವರೆಗೆ ಗುಡಿಸಿದ್ದಳು.
ವಾಸಿಯಾದ ಹತ್ತು ಕುಷ್ಠರೋಗಿಗಳಲ್ಲಿ
ಸ್ತೋತ್ರ ಹೇಳಲು ಒಬ್ಬನೇ ತಿರುಗಿ ಬಂದನಲ್ಲ,
ಅಲ್ಲಿ ಎಳೆಯಲ್ಲ, ಗಂಟು.
ಉಗುರಿನಿಂದ ಬಿಡಿಸಲು ನೋಡಿದೆ. ಬಿಡಲಿಲ್ಲ.
ಉಳಿದ ಒಂಬತ್ತು ಮಂದಿಯ ಜತೆ ನಾನೂ
ಎಷ್ಟು ದೂರ ನಡೆದುಬಂದಿದ್ದೇನೆ!

ಆದರೆ ಹೆಚ್ಚು ದಾರ ಸಿಕ್ಕಿದ್ದು
ಯಾರೂ ಓದದ ಪುಟದಲ್ಲಿ.
ಬರೀ ಹೆಸರು. ಇವನ ಮಗ ಅವನು, ಅವನ ಮಗ ಇನ್ನೊಬ್ಬ,
ನಾಲಿಗೆ ತೊಡರುವ ವಂಶಾವಳಿ ಪುಟದುದ್ದ.
ಇದರಲ್ಲಿ ಏನು ಕೇಳಿಸಿತು ಅವಳಿಗೆ?
ಅಯ್ಯನವರನ್ನು ಕೇಳಿದೆ. ಕನ್ನಡಕ ಒರೆಸಿಕೊಂಡರು.
ಫಿನಿಶಿಂಗ್ ಟೇಬಲ್ಲಿನ ಖಾಜಾಬೀಗೆ ಗೊತ್ತಿತ್ತು:

"ಊಟದ ಹೊತ್ನಾಗ ನಿಮ್ಮತ್ತಿ ಆ ಪುಟ ತೆಗ್ದು
ನಮ್ಮ ಹೆಸ್ರು ಹೇಳ್ತಿದ್ಲು.
ಇದು ಹೆಸ್ರಿನ ಪುಟ ಅಂತ ಯಾರೋ ಅಂದಿದ್ರಂತ.
ನಮ್ಮವೂ ಇದ್ರಾಗ ಅದಾವು,
ನಂಗ ಓದಾಕ ಬರಂಗಿಲ್ಲ ಅಷ್ಟೇ, ಅಂತಿದ್ಲು."

ಎಳೆಗೊಬ್ಬರು.
ಹುಲಿಗೆಮ್ಮ, ಎರ್ರಿಸ್ವಾಮಿ, ಖಾಜಾಬೀಯ ಮೊಮ್ಮಗ,
ವಾಷಿಂಗ್ ಯೂನಿಟ್ಟಿನಲ್ಲಿ ಕೈ ಸುಟ್ಟುಕೊಂಡ ಗಾದಿಲಿಂಗ.
ಎರಡು ತಿಂಗಳ ಕೂಲಿ ಮುರಿದುಕೊಂಡ ಮೇಸ್ತ್ರಿಯೂ;
ಆ ಕಿತ್ತಳೆ ದಾರ ಅವನದಂತೆ.
ಸಂತಳೇನಲ್ಲ ನಮ್ಮತ್ತೆ. ಮೊಣಕಾಲು ನೋವಿಗೆ
ದೇವರನ್ನು ಏಕವಚನದಲ್ಲಿ ಬೈದದ್ದು ನಾನೇ ಕೇಳಿದ್ದೇನೆ.
ಬೈದು, ಹೊರಳಿ, ಅವನ ಮಗ್ಗುಲಲ್ಲೇ ಮಲಗಿದಂತೆ ಮಲಗುತ್ತಿದ್ದಳು.

ಈಗ ಆ ಪುಟ ನನ್ನ ಮಡಿಲಲ್ಲಿದೆ.
ಒಂದೊಂದು ಎಳೆ ಮುಟ್ಟಿ ಹೆಸರು ಹೇಳುತ್ತೇನೆ,
ಏನೂ ಕೇಳದೆ, ಹೆಸರಿಗೊಂದು ಸ್ತೋತ್ರ.
ಆಮೆನ್ ಅಂದ ಮೇಲೂ ಏಳಲು ಮನಸ್ಸಾಗುವುದಿಲ್ಲ.
ಎದುರಿಗೆ ಯಾರೋ ಕೂತಿದ್ದಾರೆ,
ಅವರ ಮಾತಿನ್ನೂ ಮುಗಿದಿಲ್ಲ ಎಂಬ ಹಾಗೆ.

ಕಿತ್ತಳೆ ದಾರದ ಹತ್ತಿರ ಮಾತ್ರ ನಿಲ್ಲುತ್ತೇನೆ.
ಆ ಹೆಸರು ಗಂಟಲು ದಾಟುವುದಿಲ್ಲ.
ಬಿಡದೆ ಹಿಡಿದಿದ್ದೇನೆ, ತಂದೆ,
ನನಗೂ ಇದನ್ನು ಓದಲು ಬಾರದು,
ನೀನೇ ಓದಿಕೋ.